ಕಡಲ ಪಾಚಿಯಿಂದ ಕುಂಡದ ಮಲ್ಲಿಗೆಯವರೆಗೆ

ಚೆನ್ನೈಗೆ ಬಂದು ನೆಲೆಸಿದ ಕನ್ನಡಿಗರ ಮನೆಗಳಲ್ಲಿ ಅಂಗಳವಿರುವುದು ಅಪರೂಪ. ಇರುವುದು ತಾರಸಿ, ಅದೂ ಇಲ್ಲವಾದರೆ ಎರಡು ಮೊಳದ ಬಾಲ್ಕನಿ. ಆದರೂ ತುಳಸಿ, ಕರಿಬೇವು, ದೊಡ್ಡಪತ್ರೆ, ಮಲ್ಲಿಗೆ ಈ ನಾಲ್ಕರಲ್ಲಿ ಒಂದಾದರೂ ಇಲ್ಲದ ಮನೆಯನ್ನು ನಾವು ಕಂಡಿಲ್ಲ. ಊರಿಗೆ ಹೋದವರು ಮರಳುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದು ಕಡ್ಡಿಯನ್ನು ತರುತ್ತಾರೆ. ಅದು ಇಲ್ಲಿನ ಉಪ್ಪು ನೀರು, ಕತ್ತರಿ ಬಿಸಿಲುಗಳನ್ನು ತಾಳಿಕೊಂಡು ಚಿಗುರಿತೆಂದರೆ, ಮನೆಯವರಿಗೆ ಮಗುವಿಗೆ ಹಲ್ಲು ಬಂದಷ್ಟೇ ಸಂತೋಷ.

ನಮ್ಮ ಮನೆಗೂ ಹೀಗೆಯೇ ಒಂದು ಮೈಸೂರು ಮಲ್ಲಿಗೆ ಬಂದಿತ್ತು. ನಾಲ್ಕು ವರ್ಷ ಚೆನ್ನಾಗಿ ಹೂ ಕೊಟ್ಟ ಗಿಡ ಹೋದ ಬೇಸಿಗೆಯಲ್ಲಿ ಹಳದಿಗೆ ತಿರುಗಿತು. ಪಕ್ಕದ ಮನೆಯ ಮಾಮಿ ನೋಡಿ, “ಕಡಲ್ ಪಾಸಿ ಮರುಂದು ಊತ್ತುಂಗೊ” ಎಂದರು. ಕಡಲ ಪಾಚಿಯ ಔಷಧ ಹಾಕಿ ಎಂದು ಅರ್ಥ. ಅಂಗಡಿಯಿಂದ ಒಂದು ಸೀಸೆ ತಂದೆವು. ಒಳಗೆ ಕಾಫಿ ಡಿಕಾಕ್ಷನ್ನಿನ ಬಣ್ಣದ ದ್ರವ. ಮುಚ್ಚಳ ತೆರೆದರೆ ಮೆರೀನಾದ ಅಲೆ ಬಿಟ್ಟುಹೋದ ಮರಳಿನ ವಾಸನೆ. ಒಳ್ಳೆಯ ವಸ್ತು ಹೆಚ್ಚಾದರೆ ಕೆಡುಕೇನು ಎಂದು ದಿನಕ್ಕೆರಡು ಮುಚ್ಚಳದಂತೆ, ನೀರು ಬೆರೆಸದೆ, ಎಂಟು ದಿನ ಬುಡಕ್ಕೆ ಸುರಿದೆವು. ಒಂಬತ್ತನೆಯ ದಿನ ಎಲೆಗಳ ಅಂಚು ಬೆಂಕಿ ತಾಗಿದಂತೆ ಸುಟ್ಟು ಸುರುಟಿತ್ತು. ಆಮೇಲೆ ಭೂತಗನ್ನಡಿ ಹಿಡಿದು ಸೀಸೆಯ ಮೇಲಿನ ಸಣ್ಣಕ್ಷರ ಓದಿದೆವು: ಒಂದು ಲೀಟರ್ ನೀರಿಗೆ 2ರಿಂದ 3 ಮಿಲಿಲೀಟರ್, 15 ದಿನಕ್ಕೊಮ್ಮೆ.

ಸಂಘದ ಭಾನುವಾರದ ಕೂಟದಲ್ಲಿ ಈ ಕಥೆ ಹೇಳಿದಾಗ ಇನ್ನಿಬ್ಬರು ತಮ್ಮ ಕರಿಬೇವಿಗೂ ಇದೇ ಗತಿಯಾಯಿತೆಂದು ಮೆಲ್ಲನೆ ಒಪ್ಪಿಕೊಂಡರು. ಹಾಗಾದರೆ ಈ ದ್ರವ ಏನು, ಎಲ್ಲಿಂದ ಬಂತು, ಯಾರ ಕೈ ದಾಟಿ ನಮ್ಮ ತಾರಸಿಗೆ ಏರಿತು ಎಂದು ಹುಡುಕಿದೆವು. ಹುಡುಕಿದಷ್ಟೂ ಅದರ ಇತಿಹಾಸ ಈ ಚೆನ್ನೈ ಪಟ್ಟಣಕ್ಕೂ ಇದರ ದಕ್ಷಿಣದ ಕಡಲಿಗೂ ಹತ್ತಿರವಾಗುತ್ತ ಬಂದಿತು. ಅದನ್ನು ಓದುಗರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಡಲ ಪಾಚಿಯನ್ನು ಹೊಲಕ್ಕೆ ಹಾಕುವುದು ಹೊಸ ವಿದ್ಯೆಯೇನಲ್ಲ. ಕ್ರಿಸ್ತಶಕ ಮೊದಲ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ, ಕೋಸಿನ ಸಸಿಗಳ ಬೇರಿಗೆ ಪಾಚಿ ಸುತ್ತಿ ನೆಡುವ ಕ್ರಮವನ್ನು ಹೇಳಿದ್ದಾನೆ. ಐರ್ಲೆಂಡಿನ ಪಶ್ಚಿಮಕ್ಕಿರುವ ಆರನ್ ದ್ವೀಪಗಳ ಜನ ಬರಿ ಬಂಡೆಯ ಮೇಲೆ ಮರಳು ಮತ್ತು ಕಡಲ ಪಾಚಿಗಳನ್ನು ಪದರ ಪದರವಾಗಿ ಹಾಸಿ ಮಣ್ಣನ್ನೇ ತಯಾರಿಸಿ ಆಲೂಗಡ್ಡೆ ಬೆಳೆದರು. ಕಾಂಕ್ರೀಟಿನ ಮೇಲೆ ಕುಂಡವಿಟ್ಟು ತೋಟ ಮಾಡುವ ನಮಗೆ ಅವರು ಹಿರಿಯಣ್ಣಂದಿರು ಎನ್ನಬೇಕು. ನಮ್ಮ ದೇಶದಲ್ಲೂ ತಮಿಳುನಾಡು, ಕೇರಳಗಳ ಕರಾವಳಿಯ ಜನ ದಡಕ್ಕೆ ಬಂದು ಬಿದ್ದ ಪಾಚಿಯನ್ನು ತೆಂಗಿನ ಬುಡಕ್ಕೆ ಹಾಕುವುದುಂಟು. ಆದರೆ ಇದೆಲ್ಲ ಕಡಲ ಪಕ್ಕದವರ ಮಾತು. ಹಸಿ ಪಾಚಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ ಇರುವುದರಿಂದ ಅದನ್ನು ಗಾಡಿಗೆ ಹೇರಿ ಘಟ್ಟ ಹತ್ತಿಸುವುದು ಲಾಭದ ಕೆಲಸವಲ್ಲ. ಹಾಗಾಗಿ ಮೈಸೂರು ಸೀಮೆಯ ನಮ್ಮ ಅಜ್ಜಂದಿರಿಗೆ ಗೊಬ್ಬರವೆಂದರೆ ತಿಪ್ಪೆ, ಕೆರೆಗೋಡು, ಹೊಂಗೆ ಹಿಂಡಿ.

ಇನ್ನು ಚೆನ್ನೈಗೆ ಬರೋಣ. ನಗರದ ಕೆಥೆಡ್ರಲ್ ರಸ್ತೆಯಲ್ಲಿ ಕೃಷಿ-ತೋಟಗಾರಿಕಾ ಸಂಘವೊಂದಿದೆ. ಅದು ಹುಟ್ಟಿದ್ದು 1835ರಲ್ಲಿ, ಈ ಊರು ಮದರಾಸಾಗಿದ್ದಾಗ. ಅದರ ಆರಂಭದೊಂದಿಗೆ ಸೇರಿರುವ ಹೆಸರು ಡಾ. ರಾಬರ್ಟ್ ವೈಟ್. ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿ 1819ರಲ್ಲಿ ಇಲ್ಲಿಗೆ ಬಂದ ಈ ಸ್ಕಾಟ್ಲೆಂಡಿನವನು, 1853ರಲ್ಲಿ ಹಿಂದಿರುಗುವವರೆಗೂ ದಕ್ಷಿಣ ಭಾರತದ ಗಿಡಮರಗಳನ್ನು ಸಂಗ್ರಹಿಸಿ, ಸ್ಥಳೀಯ ಚಿತ್ರಕಾರರಿಂದ ಬರೆಸಿ, ಸಂಪುಟಗಳಲ್ಲಿ ಪ್ರಕಟಿಸಿದ. ನೆಲದ ಗಿಡಗಳ ಜೊತೆಗೆ ಈ ಕಡಲಿನ ಪಾಚಿಗಳನ್ನೂ ಒಣಗಿಸಿ ತಾಯ್ನಾಡಿಗೆ ಕಳುಹಿಸುತ್ತಿದ್ದ. ಎಡಿನ್‌ಬರೋದ ಗ್ರೆವಿಲ್ ಎಂಬ ವಿದ್ವಾಂಸ ಅವುಗಳನ್ನು ಪರೀಕ್ಷಿಸಿ, ಒಂದು ಕಂದು ಪಾಚಿಗೆ ಸರ್ಗ್ಯಾಸಮ್ ವೈಟಿಐ ಎಂದು ಸಂಗ್ರಾಹಕನ ಹೆಸರನ್ನೇ ಇಟ್ಟ. ಅದು 1848ರ ಸುಮಾರಿನ ಮಾತು.

ಬಿ.ಎಸ್‌ಸಿ. ತರಗತಿಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಸರ್ಗ್ಯಾಸಮ್ ಹಳೆಯ ಪರಿಚಯ. ಫಾರ್ಮಲಿನ್ ಸೀಸೆಯಲ್ಲಿ ತೇಲುತ್ತಿದ್ದ, ದ್ರಾಕ್ಷಿ ಗೊಂಚಲಿನಂತೆ ಗಾಳಿಗುಳ್ಳೆಗಳಿದ್ದ ಆ ಕಂದು ಪಾಚಿಯ ಚಿತ್ರವನ್ನು ನಾವು ರೆಕಾರ್ಡ್ ಪುಸ್ತಕದಲ್ಲಿ ಬರೆದು ಸಹಿ ಹಾಕಿಸಿಕೊಂಡಿದ್ದೇವೆ. ಅದೇ ಪಾಚಿಯ ರಸ ಒಂದು ದಿನ ನಮ್ಮ ಮಲ್ಲಿಗೆಯ ಬುಡಕ್ಕೆ ಬರಬಹುದೆಂಬ ಕಲ್ಪನೆ ಆಗ ಇರಲಿಲ್ಲ. ತಮಿಳುನಾಡಿನ ಕಾಲೇಜುಗಳಲ್ಲಿ ಪಾಚಿ ದ್ರವದ ಪರಿಣಾಮವನ್ನು ಪರೀಕ್ಷಿಸುವವರು ಹಲವೊಮ್ಮೆ ಕೈಗೆತ್ತಿಕೊಳ್ಳುವುದು ಈ ವೈಟ್ ಸಾಹೇಬನ ಸರ್ಗ್ಯಾಸಮನ್ನೇ. ತೋಟಗಾರಿಕೆಯ ಸಂಘಕ್ಕೂ ಕಡಲ ಪಾಚಿಗೂ ಒಬ್ಬನೇ ಮನುಷ್ಯ ಗಂಟು ಹಾಕಿಹೋದದ್ದು ಒಂದು ವಿನೋದ.

ವೈಟ್ ಬಳಿಕ ಹೇಳಲೇಬೇಕಾದ ಹೆಸರು ಪ್ರೊ. ಎಂ.ಓ.ಪಿ. ಅಯ್ಯಂಗಾರ್ (1886–1963). ಪೂರ್ತಿ ಹೆಸರು ಮಂಡಯಂ ಓಸೂರಿ ಪಾರ್ಥಸಾರಥಿ ಅಯ್ಯಂಗಾರ್. ಹುಟ್ಟಿದ್ದು ಮದರಾಸಿನಲ್ಲಿಯೇ ಆದರೂ ಮಂಡಯಂ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಮೇಲುಕೋಟೆಯ ನೆನಪಾಗದ ಕನ್ನಡಿಗರಿಲ್ಲ. ಮದರಾಸು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ಪ್ರಯೋಗಶಾಲೆಯ ಮುಖ್ಯಸ್ಥರಾಗಿದ್ದ ಇವರನ್ನು ಭಾರತದ ಪಾಚಿಶಾಸ್ತ್ರದ ಜನಕರೆಂದೇ ಕರೆಯುತ್ತಾರೆ. ರಾಮೇಶ್ವರದ ಬಳಿ ಪಾಂಬನ್ನಿನ ಹತ್ತಿರವಿರುವ ಕುರುಸಡೈ ಎಂಬ ಪುಟ್ಟ ದ್ವೀಪದ ಸಸ್ಯಗಳ ಬಗ್ಗೆ ಇವರು ಬರೆದ ಲೇಖನ ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯದ ಪತ್ರಿಕೆಯಲ್ಲಿ 1927ರಲ್ಲಿ ಬಂದಿತು. ಓದುಗರು ಕುರುಸಡೈ ಎಂಬ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಅದು ಮತ್ತೆ ಬರುತ್ತದೆ, ಅಷ್ಟು ಸಂತೋಷದ ಕಾರಣಕ್ಕಲ್ಲ.

ಇಷ್ಟರವರೆಗೆ ಪಾಚಿಯು ಒಂದೋ ಗೊಬ್ಬರದ ರಾಶಿ, ಇಲ್ಲವೆ ವಿದ್ವಾಂಸರ ಹಾಳೆಯ ಮೇಲಿನ ಮಾದರಿ. ಅದು ಸೀಸೆಯೊಳಕ್ಕೆ ಇಳಿದದ್ದು ಎರಡನೆಯ ಮಹಾಯುದ್ಧದ ದೆಸೆಯಿಂದ. ಯುದ್ಧಕಾಲದಲ್ಲಿ ಇಂಗ್ಲೆಂಡಿಗೆ ನಮ್ಮ ಬಂಗಾಳದ ಸೆಣಬು ಸಾಕಷ್ಟು ಸಿಗದಾಯಿತು. ಸೆಣಬಿನ ಬದಲಿಗೆ ಕಡಲ ಪಾಚಿಯಿಂದ ನಾರು ತೆಗೆಯಬಹುದೇ ಎಂದು ರೆಜಿನಾಲ್ಡ್ ಮಿಲ್ಟನ್ ಎಂಬ ಜೀವರಸಾಯನ ಶಾಸ್ತ್ರಜ್ಞ ಯತ್ನಿಸಿದ. ನಾರಿನ ಕಥೆ ಮುಂದೆ ಸಾಗಲಿಲ್ಲ. ಆದರೆ ಕ್ಷಾರದೊಡನೆ ಹೆಚ್ಚಿನ ಒತ್ತಡದಲ್ಲಿ ಬೇಯಿಸಿದ ಪಾಚಿ ಕರಗಿ ದ್ರವವಾಗುವುದನ್ನು ಅವನು ಸಾಧಿಸಿದ್ದ. ಆ ದ್ರವವನ್ನು ಗಿಡಗಳಿಗೆ ಹಾಕಿದರೆ ಹೇಗೆ ಎಂಬ ಯೋಚನೆಯಿಂದ ಯುದ್ಧಾನಂತರ ಮ್ಯಾಕ್ಸಿಕ್ರಾಪ್ ಎಂಬ ಹೆಸರಿನ ಸರಕು ಇಂಗ್ಲೆಂಡಿನ ಪೇಟೆಗೆ ಬಂತು. ಆ ಉದ್ಯಮದಲ್ಲಿದ್ದ ಡಬ್ಲ್ಯೂ.ಎ. ಸ್ಟೀಫೆನ್‌ಸನ್ 1968ರಲ್ಲಿ ಕೃಷಿಯಲ್ಲಿ ಕಡಲ ಪಾಚಿಯ ಬಳಕೆಯ ಬಗೆಗೆ ಒಂದು ಪುಸ್ತಕವನ್ನೇ ಬರೆದ. ಹೀಗೆ ಭಾರ ಹೊರುವ ತೊಂದರೆ ತಪ್ಪಿತು. ಗಾಡಿಗಟ್ಟಲೆ ಪಾಚಿಯ ಗುಣ ಒಂದು ಸೀಸೆಯಲ್ಲಿ ಅಡಗಿ ಕಡಲು ಕಾಣದ ಊರಿಗೂ ಹೋಗತೊಡಗಿತು.

ಅದೇ ಯುದ್ಧ ನಮ್ಮ ಕಡೆಗೆ ಬೇರೊಂದು ಕೊರತೆಯನ್ನು ತಂದಿತು. ಪ್ರಯೋಗಶಾಲೆಗಳಲ್ಲಿ ರೋಗಾಣುಗಳನ್ನು ಬೆಳೆಸಲು ಬೇಕಾದ ಅಗರ್ ಬಹುಪಾಲು ಜಪಾನಿನಿಂದ ಬರುತ್ತಿತ್ತು. ಯುದ್ಧದಿಂದ ಅದು ನಿಂತಿತು. ಅಗರ್ ಎಂದರೆ ಬೇರೇನಲ್ಲ, ನಮ್ಮ ಹೆಂಗಸರು ಹಾಲು ಸಕ್ಕರೆಯೊಡನೆ ಕುದಿಸಿ ತಟ್ಟೆಯಲ್ಲಿ ಗಟ್ಟಿಯಾಗಿಸುವ ಚೈನಾ ಗ್ರಾಸ್. ಅದೂ ಕಡಲ ಪಾಚಿಯದೇ. ಇಲ್ಲಿನ ಕಡಲಿನಿಂದಲೇ ಅಗರ್ ತೆಗೆಯುವ ಪ್ರಯತ್ನ ಆಗ ಆರಂಭವಾಯಿತು. 1947ರ ಫೆಬ್ರವರಿಯಲ್ಲಿ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಮೊದಲು ಮದರಾಸಿನಲ್ಲಿ ಹುಟ್ಟಿ, 1949ರಲ್ಲಿ ರಾಮನಾಥಪುರ ಜಿಲ್ಲೆಯ ಮಂಡಪಂಗೆ ಹೋಯಿತು. 1954ರಲ್ಲಿ ಗುಜರಾತಿನ ಭಾವನಗರದಲ್ಲಿ ಕೇಂದ್ರ ಉಪ್ಪು ಮತ್ತು ಸಾಗರ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯನ್ನು ಪಂಡಿತ ನೆಹರು ಉದ್ಘಾಟಿಸಿದರು. ಮುಂದೆ ಅದೂ ಮಂಡಪಂನಲ್ಲಿ ಒಂದು ಕೇಂದ್ರವನ್ನು ತೆರೆಯಿತು. ಈ ಎರಡೂ ಸಂಸ್ಥೆಗಳಲ್ಲಿ ದುಡಿದ ಡಾ. ಫ್ರಾನ್ಸಿಸ್ಕಾ ತಿವಿ ಎಂಬ ವಿದುಷಿ, ನಮ್ಮ ದೇಶದಲ್ಲಿ ಪಾಚಿಯನ್ನು ಆಹಾರಕ್ಕೂ ಕೈಗಾರಿಕೆಗೂ ಗೊಬ್ಬರಕ್ಕೂ ಬಳಸುವ ದಾರಿಯನ್ನು ಆ ಕಾಲದಲ್ಲಿಯೇ ವಿವರಿಸಿದರು.

1966ರಿಂದ ಮನ್ನಾರ್ ಕೊಲ್ಲಿಯಲ್ಲಿ ಪಾಚಿ ಸಂಗ್ರಹ ದೊಡ್ಡ ವ್ಯಾಪಾರವಾಗಿ ಬೆಳೆಯಿತು. ಅಗರಿಗೆ ಬೇಕಾದ ಕೆಂಪು ಪಾಚಿಗಳು, ಬಟ್ಟೆ ಅಚ್ಚಿಗೆ ಅಂಟು ಕೊಡುವ ಸರ್ಗ್ಯಾಸಮಿನಂಥ ಕಂದು ಪಾಚಿಗಳು ಮೂಟೆ ಮೂಟೆಯಾಗಿ ಕಾರ್ಖಾನೆಗಳಿಗೆ ಹೋದವು. ಅವನ್ನು ಕಿತ್ತವರು ಬಹುಮಟ್ಟಿಗೆ ಮೀನುಗಾರರ ಮನೆಯ ಹೆಂಗಸರು. ಬೆರಳುಗಳಿಗೆ ಬಟ್ಟೆಯ ಚೂರು ಸುತ್ತಿ, ಕಣ್ಣಿಗೆ ಗಾಜು ಕಟ್ಟಿ, ಉಸಿರು ಬಿಗಿಹಿಡಿದು ಮುಳುಗುತ್ತಾರೆ. ಬಂಡೆಗೆ ಅಂಟಿದ್ದನ್ನು ಕಿತ್ತು ಸೊಂಟದ ಚೀಲಕ್ಕೆ ತುಂಬಿ ಮೇಲೇಳುತ್ತಾರೆ. ಗಂಟೆಗಟ್ಟಲೆ ಉಪ್ಪುನೀರಿನಲ್ಲಿ ನೆನೆದ ಕೈಗೆ ಬಂಡೆ ಹವಳಗಳು ಮಾಡಿದ ಗಾಯ ಬೇಗ ಮಾಯುವುದಿಲ್ಲ. ನಾವು ತಾರಸಿಯ ಮೇಲೆ ಮೂಗು ಮುಚ್ಚಿಕೊಂಡು ಸುರಿಯುವ ವಾಸನೆಯಲ್ಲಿ ಇವರ ದಿನಗೂಲಿ ಇದೆ.

ಕೀಳುವವರು ಹೆಚ್ಚಿದಂತೆ ಪಾಚಿ ಕಡಿಮೆಯಾಯಿತು. ಇನ್ನೊಂದು ಕಡೆ, ಆ ಕೊಲ್ಲಿಯ 21 ದ್ವೀಪಗಳನ್ನು 1986ರಲ್ಲಿ ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ತಲೆಮಾರಿನಿಂದ ಹೋಗುತ್ತಿದ್ದ ಜಾಗದಲ್ಲಿ ಕಾಲಿಟ್ಟರೆ ಅಪರಾಧವಾಗುವ ಸ್ಥಿತಿ ಈ ಹೆಂಗಸರಿಗೆ ಬಂದಿತು. ಅವರು ಸುಮ್ಮನೆ ಅತ್ತು ಕೂರಲಿಲ್ಲ. ಒಟ್ಟುಗೂಡಿ ತಾವೇ ಕಟ್ಟಳೆ ಮಾಡಿಕೊಂಡರು. ತಿಂಗಳಿಗೆ 12 ದಿನ ಮಾತ್ರ ಕೀಳಬೇಕು, ಪಾಚಿ ಮತ್ತೆ ಬೆಳೆಯಲು ಬಿಡುವು ಕೊಡಬೇಕು ಎಂಬುದು ಆ ಕಟ್ಟಳೆ. ಪಾಂಬನ್ನಿನ ಚಿನ್ನಪಾಲಂನ ಲಕ್ಷ್ಮಿ ಮೂರ್ತಿ ಎಂಬ ಪಾಚಿ ಕೀಳುವ ಹೆಣ್ಣುಮಗಳಿಗೆ ಈ ಮುಂದಾಳುತನಕ್ಕಾಗಿ 2015ರಲ್ಲಿ ಸೀಕಾಲಜಿ ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿತು. ಎಷ್ಟು ತೆಗೆದರೆ ಕಡಲು ತಾಳುತ್ತದೆಂಬ ಅಳತೆಯನ್ನು ಕಚೇರಿಯ ಕಡತಕ್ಕಿಂತ ಮೊದಲು ಕಂಡವರು ನೀರಿನಲ್ಲಿ ಮುಳುಗುವವರು.

ಕೀಳುವ ಬದಲು ಬೆಳೆಯಬಾರದೇಕೆ? ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದು ಕಪ್ಪಾಫೈಕಸ್ ಎಂಬ ಕೆಂಪು ಪಾಚಿ. ಇದು ಫಿಲಿಪೀನ್ಸ್ ಮೂಲದ್ದು. ಭಾವನಗರದ ಸಂಸ್ಥೆ 1984ರಲ್ಲಿ ಜಪಾನಿನಿಂದ ಇದರ ತುಣುಕುಗಳನ್ನು ತರಿಸಿ, ಸೌರಾಷ್ಟ್ರದ ಕಡಲಲ್ಲಿ ಹೊಂದಿಸಿ, 1995ರಲ್ಲಿ ಮಂಡಪಂಗೆ ತಂದಿತು. ಸುಮಾರು ಮೂರು ಮೀಟರ್ ಚೌಕದ ಬಿದಿರಿನ ತೆಪ್ಪಕ್ಕೆ ಹಗ್ಗ ಬಿಗಿದು ತುಣುಕುಗಳನ್ನು ಕಟ್ಟಿ ತೇಲಬಿಟ್ಟರೆ 45 ದಿನಕ್ಕೆ ಕೊಯ್ಲು. 2000ದಲ್ಲಿ ಪೆಪ್ಸಿ ಕಂಪನಿ ಈ ವಿದ್ಯೆಯನ್ನು ಪಡೆದುಕೊಂಡಿತು. ಸ್ವಸಹಾಯ ಸಂಘಗಳ ಹೆಂಗಸರು ಬ್ಯಾಂಕ್ ಸಾಲ ತೆಗೆದು ತೆಪ್ಪ ಕಟ್ಟಿದರು.

ಮೊದಲು ಈ ಪಾಚಿಯನ್ನು ಒಣಗಿಸಿ, ಐಸ್‌ಕ್ರೀಮು, ಹಲ್ಲುಪೇಸ್ಟುಗಳನ್ನು ಗಟ್ಟಿಯಾಗಿಸುವ ಕ್ಯಾರಜೀನನ್ ಎಂಬ ಅಂಟನ್ನು ಮಾತ್ರ ತೆಗೆಯುತ್ತಿದ್ದರು. ಒಣಗಿಸುವಾಗ ರಸವೆಲ್ಲ ಬಿಸಿಲಿನ ಪಾಲು. ಭಾವನಗರದ ವಿಜ್ಞಾನಿಗಳು ಹಸಿ ಪಾಚಿಯನ್ನೇ ಅರೆದು ಹಿಂಡಿದರು; ರಸ ಬೆಳೆಗೆ, ಚರಟ ಅಂಟಿಗೆ. ಕಬ್ಬಿನ ಗಾಣ ಕಂಡ ಮಂಡ್ಯದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಈ ಕ್ರಮಕ್ಕೆ 2005ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಇಂಗ್ಲೆಂಡಿನ ವಿಧಾನದಂತೆ ಕ್ಷಾರದಲ್ಲಿ ಬೇಯಿಸುವ ಗೋಜು ಇದರಲ್ಲಿ ಇಲ್ಲ. ಪೆಪ್ಸಿಯಿಂದ ಕೆಲಸ ವಹಿಸಿಕೊಂಡ ಅಕ್ವಾಗ್ರಿ ಕಂಪನಿ ಮಾನಾಮಧುರೈಯಲ್ಲಿ ಕಾರ್ಖಾನೆ ನಡೆಸಿತು. ಇಫ್ಕೋ ಸಹಕಾರ ಸಂಸ್ಥೆಯೊಡನೆ ಸೇರಿ ‘ಸಾಗರಿಕ’ ಎಂಬ ಹೆಸರಿನಲ್ಲಿ ಪಾಚಿ ದ್ರವವನ್ನು ರೈತರಿಗೆ ಮುಟ್ಟಿಸಿತು.

ಆದರೆ ಇಲ್ಲಿಯೂ ಅಳತೆ ತಪ್ಪಿದ ಅಧ್ಯಾಯವೊಂದಿದೆ. ಹೊರನಾಡಿನ ಪಾಚಿ ತೆಪ್ಪದಿಂದ ಕಳಚಿಕೊಂಡರೆ ಗತಿಯೇನು ಎಂಬ ಭಯದಿಂದ 2005ರ ಡಿಸೆಂಬರಿನಲ್ಲಿ ತಮಿಳುನಾಡು ಸರ್ಕಾರ, ಇದರ ಬೇಸಾಯವನ್ನು ಪಾಕ್ ಕೊಲ್ಲಿಯ ಉತ್ತರಕ್ಕೂ ತೂತ್ತುಕುಡಿಯ ದಕ್ಷಿಣಕ್ಕೂ ಸೀಮಿತಗೊಳಿಸಿ ಆಜ್ಞೆ ಹೊರಡಿಸಿತು. ಆದರೂ 2008ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು: ಕಪ್ಪಾಫೈಕಸ್ ಕುರುಸಡೈ ದ್ವೀಪದ ಕೊಂಬೆ ಹವಳಗಳ ಮೇಲೆ ಹಬ್ಬಿ ಉಸಿರು ಕಟ್ಟಿಸುತ್ತಿದೆ ಎಂದು. ಅಯ್ಯಂಗಾರರು 1927ರಲ್ಲಿ ಸಸ್ಯಗಳ ಪಟ್ಟಿ ಮಾಡಿದ ಅದೇ ಕುರುಸಡೈ! ಹೊಟ್ಟೆಪಾಡಿಗೆಂದು ತಂದ ಬೆಳೆ ಮೀನಿಗೆ ಆಸರೆಯಾದ ಹವಳವನ್ನೇ ಮುಚ್ಚಿದರೆ ನಷ್ಟ ಮತ್ತೆ ಅದೇ ಮೀನುಗಾರರಿಗೆ. ಅದಾದ ಐದು ವರ್ಷಕ್ಕೆ, 2013ರ ಸುಮಾರಿನಲ್ಲಿ, ಈ ಬೆಳೆಯೂ ದೊಡ್ಡ ಪ್ರಮಾಣದಲ್ಲಿ ಸತ್ತು, ತೆಪ್ಪ ನಂಬಿದ ಸಂಸಾರಗಳು ಕಂಗಾಲಾದವು.

ಇನ್ನು ಈ ದ್ರವ ಗಿಡಕ್ಕೆ ಏನು ಮಾಡುತ್ತದೆ? ಇದು ಊಟವಲ್ಲ. ಸಾರಜನಕ, ರಂಜಕಗಳು ಇದರಲ್ಲಿ ಅತ್ಯಲ್ಪ. ಪೊಟ್ಯಾಷ್ ಸ್ವಲ್ಪ ಹೆಚ್ಚು. ಕಬ್ಬಿಣ, ಸತು, ಮ್ಯಾಂಗನೀಸ್ ಮುಂತಾದವು ಕಣದಷ್ಟು. ಇದರ ಮುಖ್ಯ ಗುಣ ಆಕ್ಸಿನ್, ಸೈಟೊಕೈನಿನ್ ಎಂಬ ಬೆಳವಣಿಗೆಯ ಚೋದಕಗಳು ಮತ್ತು ಗಿಡ ಬಿಸಿಲು ಬರಗಳನ್ನು ತಾಳಿಕೊಳ್ಳಲು ನೆರವಾಗುವ ಕೆಲವು ಸಂಯುಕ್ತಗಳು. ಬೇರು ಹೆಚ್ಚು ಕವಲೊಡೆಯಲು, ಸ್ಥಳ ಬದಲಿಸಿದ ಸಸಿ ಬೇಗ ಚೇತರಿಸಿಕೊಳ್ಳಲು ಇವು ಸಹಾಯಕ. ಇಂಥವು ಅತಿ ಸೂಕ್ಷ್ಮ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಹೆಚ್ಚಾದರೆ ಬೆಳವಣಿಗೆಯನ್ನೇ ತಡೆಯುತ್ತವೆ. ಕೇಂದ್ರ ಸರ್ಕಾರವೂ 2021ರ ಫೆಬ್ರವರಿಯಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು, ಇಂಥ ವಸ್ತುಗಳಿಗೆ ಜೈವಿಕ ಉತ್ತೇಜಕಗಳೆಂಬ ಪ್ರತ್ಯೇಕ ವರ್ಗವನ್ನು ಮಾಡಿತು. ಗೊಬ್ಬರ ಬೇರೆ, ಉತ್ತೇಜಕ ಬೇರೆ ಎಂದು ಗೆಜೆಟ್ಟೇ ಹೇಳಿದಂತಾಯಿತು.

ಕುಂಡದ ಗಿಡಕ್ಕೆ ಈ ಅಳತೆ ಇನ್ನೂ ಮುಖ್ಯ. ಹೊಲದಲ್ಲಿ ಹೆಚ್ಚಾದ ಉಪ್ಪು ಮಳೆಗೆ ತೊಳೆದು ಆಳಕ್ಕಿಳಿಯುತ್ತದೆ. ಕುಂಡದಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಚೆನ್ನೈಯ ಅನೇಕ ಬಡಾವಣೆಗಳಲ್ಲಿ ಬೋರ್ ನೀರೇ ಉಪ್ಪು. ಅದರ ಮೇಲೆ ನಾವು ಸುರಿದದ್ದು ನೀರು ಬೆರೆಸದ ಗಟ್ಟಿ ದ್ರವ. ಮಲ್ಲಿಗೆ ಸುಟ್ಟದ್ದರಲ್ಲಿ ಆಶ್ಚರ್ಯವೇನು? ಕುಂಡದಂಚಿನಲ್ಲಿ ಬಿಳಿ ಪುಡಿ ಕಟ್ಟಿರುವುದನ್ನು ಕಂಡವರು ಮೊದಲು ಒಳ್ಳೆಯ ನೀರನ್ನು ತಳದ ತೂತಿನಿಂದ ಹರಿದು ಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯಬೇಕು. ಆಮೇಲೆ ಕೊಟ್ಟಿಗೆ ಗೊಬ್ಬರವೋ ಎರೆಗೊಬ್ಬರವೋ ಊಟವಾಗಿ ಇರಲಿ. ಪಾಚಿ ದ್ರವ ಅದರ ಜೊತೆಗೆ, ಸೀಸೆಯ ಮೇಲಿನ ಲೆಕ್ಕದಂತೆ ನೀರು ಬೆರೆಸಿ, ಒದ್ದೆ ಮಣ್ಣಿಗೆ ಅಥವಾ ಬೆಳಗಿನ ತಂಪಿನಲ್ಲಿ ಎಲೆಗೆ. ಮಗುವಿಗೆ ಒಳಲೆಯಲ್ಲಿ ಔಷಧ ಹಾಕುವ ತಾಯಿಯ ಕೈಯೇ ಇದಕ್ಕೆ ಸರಿಯಾದ ಕೈ. ಸೀಸೆ ಕೊಳ್ಳುವಾಗ ಪಾಚಿಯ ಹೆಸರು, ತಯಾರಾದ ಊರು ಅಚ್ಚಾಗಿವೆಯೇ ಎಂದು ನೋಡುವುದೂ ಒಳ್ಳೆಯದು. ಕೆಲವು ದ್ರವಗಳು ಅಟ್ಲಾಂಟಿಕ್ ಸಾಗರದ ತಣ್ಣೀರಿನ ಕಂದು ಪಾಚಿಯವು, ಕೆಲವು ನಮ್ಮ ರಾಮನಾಥಪುರದ ತೆಪ್ಪದವು.

ಸಂಗ್ರಹಕ್ಕೂ ಅಳತೆ, ಬೇಸಾಯಕ್ಕೂ ಅಳತೆ, ಕುಂಡಕ್ಕೂ ಅಳತೆ. ಕಡಲು ದೊಡ್ಡದೆಂದು ಎಷ್ಟಾದರೂ ತೆಗೆಯಬಹುದೆಂದುಕೊಂಡವರಿಗೂ, ಸೀಸೆ ನಮ್ಮದೆಂದು ಎಷ್ಟಾದರೂ ಸುರಿಯಬಹುದೆಂದುಕೊಂಡ ನಮಗೂ ಈ ಇತಿಹಾಸ ಕಲಿಸುವ ಪಾಠ ಒಂದೇ.

ಓದುಗರು ಮಲ್ಲಿಗೆಯ ಗತಿ ಏನಾಯಿತೆಂದು ಕೇಳಬಹುದು. ಮಣ್ಣನ್ನು ಮೂರು ಸಲ ತೊಳೆದು, ಸುಟ್ಟ ರೆಂಬೆಗಳನ್ನು ಕತ್ತರಿಸಿ, ನೆರಳಿಗೆ ಸರಿಸಿ ಕಾದೆವು. ಒಂದು ಪಕ್ಕದ ಕೊಂಬೆಗಳು ಹೋಗೇ ಹೋದವು. ಐಪ್ಪಸಿ ಮಳೆ ಬಂದ ಮೇಲೆ ಬುಡದಿಂದ ಎರಡು ಚಿಗುರು ಹೊರಟವು. ಈಗ ಹದಿನೈದು ದಿನಕ್ಕೊಮ್ಮೆ, ಒಂದು ಲೀಟರ್ ನೀರಿಗೆ ಎರಡೇ ಮಿಲಿಲೀಟರ್, ಅದೂ ಮಗಳ ಕೆಮ್ಮಿನ ಔಷಧದ ಅಳತೆ ಮುಚ್ಚಳದಲ್ಲಿ ಅಳೆದು ಹಾಕುತ್ತಿದ್ದೇವೆ. ಬರುವ ಬೇಸಿಗೆಗೆ ಒಂದು ಮೊಳ ಹೂವಾದರೆ ಮೊದಲ ಮಾಲೆ ಸಂಘದ ಸರಸ್ವತಿ ಪಟಕ್ಕೆ ಎಂದು ಮನೆಯವರು ಹೇಳಿದ್ದಾರೆ.